ಫಲಕದಲ್ಲಿ ಉಳಿದ ಅಕ್ಷರ, ಮನೆಯಲ್ಲಿ ಅಳಿದ ಓದು

ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ಒಂದು ಸಣ್ಣ ಪಟ್ಟಣ. ಅಲ್ಲಿನ ಪುರಸಭೆಯ ನಾಮಫಲಕದಲ್ಲಿ ಮರಾಠಿಯೊಂದಿಗೆ ಉರ್ದುವಿನಲ್ಲೂ ಹೆಸರು ಬರೆಯಲಾಗಿತ್ತು. ಉರ್ದುವನ್ನು ಅಳಿಸಬೇಕೆಂದು ಪುರಸಭೆಯ ಮಾಜಿ ಸದಸ್ಯೆಯೊಬ್ಬರು ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2025ರ ಎಪ್ರಿಲ್‌ನಲ್ಲಿ ನ್ಯಾ. ಸುಧಾಂಶು ಧುಲಿಯಾ ಮತ್ತು ನ್ಯಾ. ಕೆ. ವಿನೋದ್ ಚಂದ್ರನ್ ಅವರ ಪೀಠವು ಆ ಮನವಿಯನ್ನು ತಳ್ಳಿಹಾಕಿತು. ಭಾಷೆ ಎಂಬುದು ಧರ್ಮವಲ್ಲ, ಅದು ಜನರದ್ದು ಮತ್ತು ಪ್ರದೇಶದ್ದು, ಉರ್ದು ಈ ನೆಲದಲ್ಲೇ ಹುಟ್ಟಿದ ಭಾಷೆ ಎಂಬುದು ಆ ತೀರ್ಪಿನ ಸಾರ.

ತೀರ್ಪು ಸ್ವಾಗತಾರ್ಹ. ಲಿಪಿಯನ್ನು ಕಂಡೊಡನೆ ಧರ್ಮವನ್ನು ಕಾಣುವ, ಧರ್ಮವನ್ನು ಕಂಡೊಡನೆ ಶತ್ರುವನ್ನು ಕಾಣುವ ಮನೋಭಾವಕ್ಕೆ ಅದು ಸಂವಿಧಾನದ ಭಾಷೆಯಲ್ಲಿ ಉತ್ತರ ನೀಡಿದೆ. ಆದರೆ ನ್ಯಾಯಾಲಯವು ಫಲಕವನ್ನು ಉಳಿಸಬಲ್ಲದೇ ಹೊರತು ಓದುಗನನ್ನು ಉಳಿಸಲಾರದು. ಅಂತಹ ಫಲಕವನ್ನು ಓದಬಲ್ಲ ಎಷ್ಟು ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ?

ಕೆಲವು ಸಮಯದ ಹಿಂದೆ ನಾನು ಪಾಲ್ಗೊಂಡಿದ್ದ ಸಭೆಯೊಂದರ ವೇದಿಕೆಯಲ್ಲಿ ದೊಡ್ಡದೊಂದು ಬ್ಯಾನರ್ ಕಟ್ಟಲಾಗಿತ್ತು. ಅದರ ಮೇಲ್ಭಾಗದಲ್ಲಿ ಅರಬಿಯಲ್ಲಿ ಬಿಸ್ಮಿಲ್ಲಾ. ಅರಬಿ ಅಕ್ಷರಗಳು ಬಲದಿಂದ ಎಡಕ್ಕೆ, ಒಂದಕ್ಕೊಂದು ಕೈಹಿಡಿದು ಸಾಗುತ್ತವೆ. ಆದರೆ ಅಲ್ಲಿ ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಲೆಕೆಳಗಾದ ಕ್ರಮದಲ್ಲಿ ನಿಂತಿತ್ತು. ಅರಬಿಯನ್ನು ಅರಿಯದ ತಂತ್ರಾಂಶವು ಮಾಡುವ ಸಾಮಾನ್ಯ ತಪ್ಪು ಇದು. ಸಭೆಯಲ್ಲಿ ವಿದ್ವಾಂಸರಿದ್ದರು, ಶಿಕ್ಷಕರಿದ್ದರು, ಪ್ರತಿದಿನ ಕುರ್‌ಆನ್ ಪಠಿಸುವ ನೂರಾರು ಮಂದಿಯಿದ್ದರು. ಸಭೆ ಮುಗಿದು ಬ್ಯಾನರ್ ಬಿಚ್ಚುವವರೆಗೂ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನಾನೂ ಅದನ್ನು ಗಮನಿಸಿದ್ದು ಬಿಚ್ಚುವಾಗಲೇ. ಕಾರಣ ಸರಳ. ನಾವೆಲ್ಲ ಅದನ್ನು ನೋಡುತ್ತಿದ್ದೆವು, ಓದುತ್ತಿರಲಿಲ್ಲ. ಅಕ್ಷರವು ಅಲಂಕಾರವಾದಾಗ ಆಗುವ ದುರಂತ ಇದು.

ವಾಸ್ತವದಲ್ಲಿ ಅರಬಿ ಲಿಪಿಯ ಇತಿಹಾಸವು ಓದುಗನ ಬಗೆಗಿನ ಕಾಳಜಿಯ ಇತಿಹಾಸವಾಗಿದೆ. ಆರಂಭಕಾಲದ ಬರಹದಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಒಂದೇ ರೂಪದ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕಿಗಳೂ ವಿರಳವಾಗಿದ್ದವು. ಅರಬಿ ಮಾತೃಭಾಷೆಯಾಗಿದ್ದವರಿಗೆ ಇದು ತೊಡಕಾಗಿರಲಿಲ್ಲ. ಆದರೆ ಇಸ್ಲಾಮ್ ಅರೇಬಿಯಾದ ಗಡಿ ದಾಟಿದಾಗ ಹೊಸ ಓದುಗರು ಎಡವತೊಡಗಿದರು. ಆಗ 7ನೇ ಶತಮಾನದಲ್ಲಿ ಬಸರಾದ ಅಬುಲ್ ಅಸ್ವದ್ ಅದ್ದುಅಲಿ ಸ್ವರಗಳಿಗಾಗಿ ಚುಕ್ಕಿಗಳನ್ನಿಡುವ ಕ್ರಮವನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. 8ನೇ ಶತಮಾನದ ಖಲೀಲ್ ಬಿನ್ ಅಹ್ಮದ್, ಇಂದು ನಮ್ಮ ಮಕ್ಕಳು ಕಲಿಯುವ ಸ್ವರಚಿಹ್ನೆಗಳಿಗೆ ರೂಪ ಕೊಟ್ಟರು. ಬಗ್ದಾದಿನ ಸಚಿವ ಇಬ್ನ್ ಮುಕ್ಲಾ 10ನೇ ಶತಮಾನದಲ್ಲಿ ಪ್ರತಿ ಅಕ್ಷರಕ್ಕೂ ಅಳತೆಯ ನಿಯಮ ರೂಪಿಸಿದರು. ಕುರ್‌ಆನಿನ ವಚನಗಳಲ್ಲಿ ಬದಲಾವಣೆಯಾಗಲಿಲ್ಲ, ಅವುಗಳನ್ನು ಬರೆಯುವ ರೀತಿ ಮಾತ್ರ ಓದುಗನಿಗಾಗಿ ಬೆಳೆಯುತ್ತಾ ಬಂತು.

ಈ ಲಿಪಿ ಹೋದಲ್ಲೆಲ್ಲ ಅಲ್ಲಿನ ನಾಲಿಗೆಗೆ ಸ್ಥಳ ನೀಡಿತು. ಅರಬಿಯಲ್ಲಿಲ್ಲದ 'ಪ', 'ಚ', 'ಗ'ಗಳಿಗೆ ಪಾರಸಿಯು ಅಕ್ಷರಗಳನ್ನು ಸೇರಿಸಿತು. 'ಟ', 'ಡ'ಗಳಿಗೆ ಉರ್ದು ಸೇರಿಸಿತು. ನಮ್ಮ ಕರಾವಳಿಯ ಹಿರಿಯರು ಮದ್ರಸದಲ್ಲಿ ಓದಿದ ಅರಬಿ-ಮಲಯಾಳವೂ ಹೀಗೆಯೇ ರೂಪುಗೊಂಡಿತು. ಲಿಪಿಯು ಎಂದೂ ಬೇಲಿಯಾಗಿರಲಿಲ್ಲ.

ಮುದ್ರಣದ ವಿಷಯದಲ್ಲಿ ಮಾತ್ರ ನಾವು ಹಿಂದೆ ಬಿದ್ದೆವು. ಮುದ್ರಿತ ಕುರ್‌ಆನ್ ಮೊದಲು ಸಿದ್ಧಗೊಂಡದ್ದು ಸುಮಾರು 1537-38ರಲ್ಲಿ ಇಟೆಲಿಯ ವೆನಿಸ್ ನಗರದಲ್ಲಿ, ಕ್ರೈಸ್ತ ಮುದ್ರಕರಿಂದ. ಅದರಲ್ಲಿ 'ದಾಲ್' ಮತ್ತು 'ಝಾಲ್'ಗಳ ವ್ಯತ್ಯಾಸವೇ ಸರಿಯಾಗಿ ಮೂಡಿರಲಿಲ್ಲ. ಅಂತಹ ಪ್ರತಿಯನ್ನು ಯಾವ ಮುಸ್ಲಿಮನು ಕೈಗೆತ್ತಿಕೊಂಡಾನು? ಇಸ್ತಾಂಬುಲಿನ ಇಬ್ರಾಹೀಂ ಮುತಫರ್ರಿಕಾರಿಗೆ ಮುದ್ರಣಾಲಯ ತೆರೆಯಲು ಅನುಮತಿ ದೊರೆತದ್ದು 1727ರಲ್ಲಿ, ಅದೂ ಧಾರ್ಮಿಕೇತರ ಗ್ರಂಥಗಳಿಗೆ ಮಾತ್ರ. ನಮ್ಮ ದೇಶದಲ್ಲಿ ಕಲ್ಲಚ್ಚು ಈ ಕೊರತೆಯನ್ನು ತುಂಬಿತು. ಲಿಪಿಕಾರ ಕಾತಿಬನ ಕೈಬರಹವನ್ನೇ ಕಲ್ಲಿನ ಮೂಲಕ ಸಾವಿರಾರು ಪ್ರತಿಗಳಾಗಿಸುವ ಈ ವಿಧಾನದಲ್ಲಿ, 1858ರಲ್ಲಿ ಲಕ್ನೋದಲ್ಲಿ ಮುದ್ರಣಾಲಯ ಸ್ಥಾಪಿಸಿದ ಮುನ್ಷಿ ನವಲ್ ಕಿಶೋರ್ ಅವರು ಕುರ್‌ಆನನ್ನೂ ಅಸಂಖ್ಯ ಉರ್ದು, ಪಾರಸಿ ಗ್ರಂಥಗಳನ್ನೂ ಜನಸಾಮಾನ್ಯರ ಕೈಗೆಟಕುವಂತೆ ಮಾಡಿದರು. ಉರ್ದು ಯಾರದ್ದು ಎಂಬ ವಾದಕ್ಕೆ ಈ ಒಂದು ಹೆಸರೇ ಸಾಕು.

ಉರ್ದುವಿನ ನಸ್ತಾಲೀಕ್ ಶೈಲಿಯು ಅಚ್ಚುಮೊಳೆಗೆ ಸುಲಭವಾಗಿ ಒಗ್ಗಲಿಲ್ಲ. ಕನ್ನಡದ ಒತ್ತಕ್ಷರಗಳು ಮೊಳೆ ಜೋಡಿಸುವವರನ್ನು ಎಷ್ಟು ಕಾಡಿದ್ದವೆಂದು ಹಳೆಯ ಮುದ್ರಕರಿಗೆ ಗೊತ್ತು. ನಸ್ತಾಲೀಕಿನ ಕಷ್ಟ ಅದಕ್ಕಿಂತ ದೊಡ್ಡದು. ಅಲ್ಲಿ ಪದವು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ ಮತ್ತು ನೆರೆಯ ಅಕ್ಷರಕ್ಕನುಗುಣವಾಗಿ ಪ್ರತಿ ಅಕ್ಷರದ ಆಕಾರ ಬದಲಾಗುತ್ತದೆ. ಆದ್ದರಿಂದಲೇ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಲೇಖನಿಯನ್ನೇ ಅವಲಂಬಿಸಿದ್ದವು. 1927ರಲ್ಲಿ ಆರಂಭವಾದ ಚೆನ್ನೈಯ 'ಮುಸಲ್ಮಾನ್' ದೈನಿಕವು ಕಂಪ್ಯೂಟರ್ ಬಂದ ಬಳಿಕವೂ ಕೈಬರಹದಲ್ಲೇ ಹೊರಬರುತ್ತಿತ್ತು. ಪಾಕಿಸ್ತಾನದ ಮಿರ್ಝಾ ಅಹ್ಮದ್ ಜಮೀಲ್ ಸುಮಾರು 20 ಸಾವಿರ ಕೂಡಕ್ಷರಗಳನ್ನು ರೂಪಿಸಿದ ಬಳಿಕವೇ, 1981ರಲ್ಲಿ 'ಜಂಗ್' ಪತ್ರಿಕೆ ಕಂಪ್ಯೂಟರಿನ ನೂರಿ ನಸ್ತಾಲೀಕ್‌ನಲ್ಲಿ ಮುದ್ರಣವಾಯಿತು. ಅಷ್ಟಾದರೂ ಮೊಬೈಲ್ ಫೋನ್‌ಗಳಿಗೆ ನಸ್ತಾಲೀಕ್ ತಲುಪಲು ಇನ್ನೂ ಮೂರು ದಶಕಗಳು ಬೇಕಾದವು. ಐಫೋನ್‌ನಲ್ಲಿ ಅದು ಲಭ್ಯವಾದದ್ದು 2017ರಲ್ಲಿ. ಆ ವೇಳೆಗೆ ಒಂದು ಇಡೀ ಪೀಳಿಗೆ ಉರ್ದುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಒಗ್ಗಿಹೋಗಿತ್ತು. ಯಾವ ಸರಕಾರವೂ ಆ ಲಿಪಿಯನ್ನು ನಿಷೇಧಿಸಿರಲಿಲ್ಲ. ಉಪಕರಣವಿಲ್ಲದೆ ಅದು ಬೆರಳ ತುದಿಯಿಂದ ಜಾರಿತು, ಅಷ್ಟೆ.

ತನ್ನ ಅಕ್ಷರಕ್ಕೆ ಬೇಕಾದ ಉಪಕರಣವನ್ನು ತಾನೇ ರೂಪಿಸಿಕೊಳ್ಳದ ಸಮಾಜವು ಇತರರ ಉಪಕರಣಕ್ಕೆ ತನ್ನ ಅಕ್ಷರವನ್ನು ಒಗ್ಗಿಸಬೇಕಾಗುತ್ತದೆ. ಕನ್ನಡಕ್ಕೆ ಕೆ.ಪಿ. ರಾವ್ ಅವರಂತಹವರು ಕೀಲಿಮಣೆ ವಿನ್ಯಾಸ ರೂಪಿಸಿಕೊಟ್ಟದ್ದರಿಂದ ನಾವಿಂದು ಸಲೀಸಾಗಿ ಕನ್ನಡ ಬೆರಳಚ್ಚಿಸುತ್ತಿದ್ದೇವೆ. ಈಜಿಪ್ಟಿನ ಖಾಲಿದ್ ಹುಸ್ನಿ, ಕೈರೋದ ಬೂಲಾಕ್ ಮುದ್ರಣಾಲಯದ ಹಳೆಯ ಅಚ್ಚುಮೊಳೆಗಳ ಆಧಾರದಲ್ಲಿ 'ಅಮೀರಿ' ಎಂಬ ಫಾಂಟ್ ರೂಪಿಸಿ ಜಗತ್ತಿಗೆ ಉಚಿತವಾಗಿ ನೀಡಿದ್ದಾರೆ. ನಮ್ಮ ಇಂಜಿನಿಯರಿಂಗ್ ಪದವೀಧರರಲ್ಲಿ ಎಷ್ಟು ಮಂದಿಗೆ ಇಂತಹ ಕನಸಿದೆ?

ಇನ್ನು ಕನ್ನಡದ ವಿಷಯ. 2024ರ ತಿದ್ದುಪಡಿ ಕಾನೂನಿನಂತೆ ಕರ್ನಾಟಕದ ವಾಣಿಜ್ಯ ಫಲಕಗಳಲ್ಲಿ ಶೇ. 60 ಭಾಗ ಕನ್ನಡವಿರಬೇಕು. ಇದನ್ನು ನಮ್ಮ ಅಂಗಡಿಗಳು ದಂಡದ ಭಯದಿಂದ ಪಾಲಿಸಬೇಕಾಗಿಲ್ಲ, ಪ್ರೀತಿಯಿಂದ ಪಾಲಿಸಬಹುದು. ಬೀದರಿನ ಮಹಮೂದ್ ಗವಾನ್ ಮದ್ರಸದ ಹಂಚಿನ ಮೇಲಿನ ಅಕ್ಷರಗಳೂ, ಬಿಜಾಪುರದ ಇಬ್ರಾಹೀಂ ರೋಜಾದ ಕಲ್ಲಿನಲ್ಲಿ ಕಡೆದ ಅಕ್ಷರಗಳೂ ಕರ್ನಾಟಕದ್ದೇ ಆಸ್ತಿ. ಅಂತೆಯೇ ಕನ್ನಡ ಲಿಪಿಯೂ ನಮ್ಮದೇ ಆಸ್ತಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದೊರೆಯಿತು. ಮುಸ್ಲಿಮ್ ಮನೆಗಳೊಳಗಿನ ಆ ಕಥೆಗಳು ಮೂಲದಲ್ಲಿ ಬರೆಯಲ್ಪಟ್ಟದ್ದು ಕನ್ನಡದಲ್ಲಿ. ಹೀಗಿರುವಾಗ ಒಂದು ಲಿಪಿಯನ್ನು ನಮ್ಮದೆಂದೂ ಇನ್ನೊಂದನ್ನು ಪರರದ್ದೆಂದೂ ಹಂಚಿಕೊಳ್ಳುವುದು ಯಾರಿಗೆ ಲಾಭ?

ಆದರೆ ನಮ್ಮ ಮದುವೆಯ ಆಮಂತ್ರಣ ಪತ್ರಗಳನ್ನೊಮ್ಮೆ ನೋಡಿ. ಉರ್ದು ಭಾಗವನ್ನು ವಧುವಾಗಲಿ ವರನಾಗಲಿ ಓದಲಾರರು. ಕನ್ನಡ ಭಾಗದ ಕಾಗುಣಿತ ತಪ್ಪಿರುತ್ತದೆ. ದುಡ್ಡು ಸುರಿದದ್ದೆಲ್ಲ ಚಿನ್ನದ ಬಣ್ಣಕ್ಕೆ. ಅಸ್ಮಿತೆ ಎಂದರೆ ಇದೇ ಏನು?

ಇದಕ್ಕೆ ದೊಡ್ಡ ಚಳವಳಿಯೇನೂ ಬೇಕಾಗಿಲ್ಲ. ಉರ್ದು ಮನೆಮಾತಾಗಿರುವವರು ದಿನಕ್ಕೆ ಅರ್ಧ ಗಂಟೆ ಮಕ್ಕಳ ಜೊತೆ ಕುಳಿತು ಒಂದು ಪುಟ ಓದಿಸಲಿ. ಮದ್ರಸಗಳು ಉಚ್ಚಾರಣೆಯೊಂದಿಗೆ ಅಂದವಾದ ಬರವಣಿಗೆಯನ್ನೂ ಕಲಿಸಲಿ. ಮಸೀದಿಯ ಸೂಚನಾ ಫಲಕದ ಕನ್ನಡವನ್ನು ಶಾಲಾ ಶಿಕ್ಷಕರೊಬ್ಬರು ತಿದ್ದಿಕೊಡಲಿ. ಬ್ಯಾನರ್ ಮುದ್ರಣಕ್ಕೆ ಹೋಗುವ ಮುನ್ನ ಅರಬಿ ಬಲ್ಲ ಒಬ್ಬರು ಅದರ ಮೇಲೆ ಕಣ್ಣಾಡಿಸಲಿ.

ಪಾತೂರಿನ ಫಲಕವನ್ನು ನ್ಯಾಯಾಧೀಶರು ಉಳಿಸಿಕೊಟ್ಟಿದ್ದಾರೆ. ಅದರ ಕೆಳಗೆ ನಿಂತು ಗಟ್ಟಿಯಾಗಿ ಓದುವ ಮಗುವನ್ನು ಬೆಳೆಸಬೇಕಾದವರು ತಂದೆ-ತಾಯಿಯರು. ಆ ಮಗು ಮರಾಠಿಯ ಸಾಲನ್ನೂ ಅಷ್ಟೇ ಗಟ್ಟಿಯಾಗಿ ಓದಿದರೆ, ಫಲಕವನ್ನು ಅಳಿಸಲು ಬರುವವರಿಗೆ ಅದಕ್ಕಿಂತ ಉತ್ತಮವಾದ ಉತ್ತರ ಬೇರೊಂದಿಲ್ಲ.