ವಠಾರದ ಬಾಗಿಲ ಸಂಖ್ಯೆಯೂ ಅಂತರ್ಜಾಲದ ವಿಳಾಸವೂ

ನನ್ನ ಬಾಲ್ಯ ಕಳೆದದ್ದು ಶಿವಾಜಿನಗರದ ಒಂದು ವಠಾರದಲ್ಲಿ. ಬೀದಿಗೆ ಒಂದೇ ಬಾಗಿಲು, ಬಾಗಿಲಿಗೆ ಒಂದೇ ಸಂಖ್ಯೆ, ಒಳಗೆ ಒಂಬತ್ತು ಸಂಸಾರ. ಅಂಚೆಯವನು ಎಲ್ಲರ ಕಾಗದಗಳನ್ನೂ ಮುಂದಿನ ಮನೆಯ ಅಜ್ಜಿಯ ಕೈಗಿತ್ತು ಹೋಗುತ್ತಿದ್ದ. ಒಂದು ದಿನ ಪೊಲೀಸಿನವರು ಬಂದರು. ಕದ್ದ ಬೈಸಿಕಲ್ಲೊಂದನ್ನು ಗಿರವಿ ಇಟ್ಟವನ ಚೀಟಿಯಲ್ಲಿ ನಮ್ಮ ವಠಾರದ ಸಂಖ್ಯೆಯೂ ‘ಮೂರನೆಯ ಮನೆ’ ಎಂಬ ಮಾತೂ ಇದ್ದವಂತೆ. ಮೂರನೆಯ ಮನೆಯಲ್ಲಿದ್ದ ದರ್ಜಿಯನ್ನು ಕರೆದೊಯ್ದರು. ಆತ ಅಲ್ಲಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಚೀಟಿಯೋ ಅದಕ್ಕೂ ಹಿಂದಿನದು. ತಾರೀಖನ್ನು ಯಾರೂ ನೋಡಿರಲಿಲ್ಲ! ಅಜ್ಜಿ ತನ್ನ ಬಾಡಿಗೆ ಪುಸ್ತಕವನ್ನು ಹಿಡಿದು ಠಾಣೆಗೆ ಹೋದ ಮೇಲೆ ಆತ ರಾತ್ರಿ ಮನೆಗೆ ಮರಳಿದ. ಅವಮಾನವನ್ನು ತಾಳಲಾರದೆ ಸ್ವಲ್ಪ ದಿನದಲ್ಲೇ ವಠಾರವನ್ನು ಬಿಟ್ಟು ಹೋದ.

ಈ ಹಳೆಯ ಕತೆ ಈಗೇಕೆ ಎಂದು ಕೇಳುವಿರೇನೋ. ಕಾರಣವಿದೆ.

ಕಳೆದ ವರ್ಷ ಹಲಸೂರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಪರೀಕ್ಷೆಯೊಂದಕ್ಕೆ ಅರ್ಜಿ ತುಂಬಲು ಕುಳಿತಳು. ‘ನಿಮ್ಮ ವಿಳಾಸದಿಂದ ಅತಿಯಾದ ಕೋರಿಕೆಗಳು ಬಂದಿವೆ, ನಂತರ ಪ್ರಯತ್ನಿಸಿ’ ಎಂದು ಜಾಲತಾಣ ಅವಳನ್ನು ಹೊರಗಟ್ಟಿತು. ಅವಳು ಮಾಡಿದ್ದು ಒಂದೇ ಕೋರಿಕೆ. ನಮ್ಮ ಬೀದಿಗೆ ಅಂತರ್ಜಾಲದ ಸಂಪರ್ಕ ಕೊಡುವ ಹುಡುಗ ನನ್ನ ಹಳೆಯ ಶಿಷ್ಯ. ಕರೆಸಿ ಕೇಳಿದೆ. “ಮೇಷ್ಟ್ರೇ, ನಿಮಗೊಬ್ಬರಿಗೇ ಅಂತ ಐಪಿ ಇಲ್ಲ. ಒಂದನ್ನೇ ಎಷ್ಟೋ ಮನೆಗೆ ಹಂಚಿರ್ತೀವಿ. ಬೇರೆ ಬೇಕಂದ್ರೆ ಸ್ಟ್ಯಾಟಿಕ್ ಐಪಿ ತಗೊಳ್ಳಿ, ಅದಕ್ಕೆ ಬೇರೆ ಚಾರ್ಜು” ಎಂದ. ಸಂಪರ್ಕ ಪಡೆದ ದಿನ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ರಸೀದಿಯಲ್ಲಿಯೂ ಇರಲಿಲ್ಲ.

ಹುಡುಗನ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಅದೇ ವರ್ಷದ ಏಪ್ರಿಲ್‌ನಿಂದ ಏಷ್ಯಾ-ಪೆಸಿಫಿಕ್ ವಲಯದಲ್ಲಿ ಒಂದು ಸಂಸ್ಥೆಗೆ ಹೆಚ್ಚೆಂದರೆ 1024 ವಿಳಾಸಗಳೆಂಬ ಮಿತಿ ಬಂತು. 2019ರಲ್ಲಿ ಅದು 512ಕ್ಕೆ ಇಳಿಯಿತು. ಮೊದಲೇ ಬಂದ ದೊಡ್ಡವರು ಬೇಕಾದಷ್ಟನ್ನು ಕಣಜಕ್ಕೆ ತುಂಬಿಕೊಂಡರು. ತಡವಾಗಿ ಬಂದ ಸಣ್ಣವರು ಇದ್ದುದನ್ನೇ ಹಂಚಿಕೊಳ್ಳಬೇಕಾಯಿತು.

ಹಂಚಿಕೆಯ ಲೆಕ್ಕ ಸರಳವಾಗಿದೆ. ಒಂದು ವಿಳಾಸಕ್ಕೆ ‘ಪೋರ್ಟ್’ ಎಂಬ 65,536 ಕಿಂಡಿಗಳಿರುತ್ತವೆ. ಮನೆಗೆ ಸುಮಾರು ಸಾವಿರದಂತೆ ಕೊಟ್ಟರೆ ಒಂದು ವಿಳಾಸದಲ್ಲಿ ಅರವತ್ತು ಮನೆಗಳು ಹಿಡಿಯುತ್ತವೆ. ಒಳಗಿನ ಮನೆಗಳಿಗೆ ಬೇರೆ ಸಂಖ್ಯೆಗಳಿರುತ್ತವೆ. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸಾಲನ್ನು ಮೀಸಲಿಟ್ಟರು. ಈ ಸಂಖ್ಯೆಗಳು ಹೊರಜಗತ್ತಿಗೆ ಕಾಣುವುದಿಲ್ಲ, ಕೆ.ಆರ್. ಪುರದ ಒಬ್ಬ ಸೇವಾದಾರನೂ ಇಂದಿರಾನಗರದ ಇನ್ನೊಬ್ಬನೂ ಅವನ್ನೇ ಬಳಸಬಹುದು. ವಠಾರವೇ ಅಲ್ಲವೇ ಇದು? ವಠಾರದಲ್ಲಿ ಬಾಳುವುದು ಅಪರಾಧವಲ್ಲ. ವಠಾರವನ್ನು ಸ್ವಂತ ಮನೆಯೆಂದು ನಂಬಿಸಿ ಬಾಡಿಗೆ ಪಡೆಯುವುದು, ಬಾಡಿಗೆ ಪುಸ್ತಕವನ್ನೇ ಇಡದಿರುವುದು ಅಪರಾಧ.

ಪುಸ್ತಕ ತಪ್ಪಾದರೆ ಏನಾಗುತ್ತದೆ ಎಂಬುದನ್ನು ಈ ಊರು ಕಂಡಿದೆ. 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ತರುಣ ತಂತ್ರಜ್ಞನೊಬ್ಬನನ್ನು ಪುಣೆಯ ಪೊಲೀಸರು ಬಂಧಿಸಿ ಒಯ್ದರು. ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡಿದನೆಂಬುದು ಆರೋಪ. ಆಧಾರವಾಗಿದ್ದದ್ದು ಒಂದು ಐಪಿ ವಿಳಾಸ. ಆ ವಿಳಾಸದ ಬಗ್ಗೆ ಸೇವಾದಾರ ಸಂಸ್ಥೆ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಅಷ್ಟು ತಿಳಿಯುವ ಹೊತ್ತಿಗೆ ಆ ನಿರಪರಾಧಿ 50 ದಿನ ಸೆರೆಮನೆಯಲ್ಲಿ ಕಳೆದಿದ್ದ. ಸಾಧನಸಂಪತ್ತಿದ್ದ ದೊಡ್ಡ ಸಂಸ್ಥೆಯೇ ಹೀಗೆ ಎಡವಿದ ಮೇಲೆ, ಒಂದು ಕೋಣೆಯಲ್ಲಿ ನಾಲ್ಕು ಹುಡುಗರನ್ನಿಟ್ಟುಕೊಂಡು ನಡೆಸುವ ಸೇವೆಯಲ್ಲಿ ಲೆಕ್ಕ ತಾನಾಗಿಯೇ ಸರಿಯಿರುತ್ತದೆಂದು ನಂಬುವುದು ಹೇಗೆ?

2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದೂ ಗಡಿಯಾರಗಳನ್ನು ಅಧಿಕೃತ ಕಾಲಕ್ಕೆ ಹೊಂದಿಸಬೇಕೆಂದೂ ಹೇಳುತ್ತದೆ. ಒಳ್ಳೆಯದೇ. ಆದರೆ ಕೇಳುವವನು ಬರಿಯ ವಿಳಾಸವನ್ನು ಕೇಳಿ, ಕೊಡುವವನು ಅರವತ್ತು ಮನೆಗಳಲ್ಲಿ ಒಂದನ್ನು ತೋರಿಸಿಬಿಟ್ಟರೆ ನಿರ್ದೇಶನದಿಂದ ಫಲವೇನು? ವಿಳಾಸ, ಪೋರ್ಟ್, ನಿಖರವಾದ ವೇಳೆ ಈ ಮೂರೂ ಕೂಡಿದರೆ ಮಾತ್ರ ಒಂದು ಮನೆಯ ಗುರುತು ಸಿಗುತ್ತದೆ. ಆಗಲೂ ಮನೆಯ ಗುರುತೇ ಹೊರತು ಮನುಷ್ಯನದಲ್ಲ. ಜಾಲತಾಣಗಳು ಪೋರ್ಟ್ ಸಂಖ್ಯೆಯನ್ನೂ ಬರೆದಿಡಬೇಕೆಂದು ಐಇಟಿಎಫ್ 2011ರಲ್ಲಿಯೇ ಶಿಫಾರಸು ಮಾಡಿದೆ.

ಎಲ್ಲವನ್ನೂ ಬರೆದಿಡಲು ಯಂತ್ರ ಸಾಲದು, ಹಣ ಸಾಲದು ಎನ್ನುವವರುಂಟು. ಪ್ರತಿ ಮನೆಗೂ ಪೋರ್ಟ್‌ಗಳ ಒಂದು ಗೊತ್ತಾದ ಸಾಲನ್ನು ಖಾಯಮ್ಮಾಗಿ ಕೊಟ್ಟುಬಿಟ್ಟರೆ ಪ್ರತಿಯೊಂದು ಸಂಪರ್ಕವನ್ನೂ ಬರೆಯುವ ಅಗತ್ಯವೇ ಇರುವುದಿಲ್ಲ. ಗ್ರಾಹಕನ ದಿನಚರಿಯೂ ಪರರ ಕೈಗೆ ಸಿಕ್ಕುವುದಿಲ್ಲ. ಇನ್ನು ಐಪಿವಿ6ರಲ್ಲಿ ವಿಳಾಸಗಳಿಗೆ ಬರವೇ ಇಲ್ಲ. ಅದನ್ನು ಏಕೆ ಕೊಡುವುದಿಲ್ಲವೆಂದು ಶಿಷ್ಯನನ್ನು ಕೇಳಿದೆ. “ಯಾರೂ ಕೇಳಿಲ್ಲ ಮೇಷ್ಟ್ರೇ” ಎಂದ. ಪಾಠ ಅರ್ಥವಾಗದ ಹುಡುಗರು ಪ್ರಶ್ನೆ ಕೇಳಲಿಲ್ಲವೆಂದು ಪಾಠವನ್ನೇ ಬಿಟ್ಟುಬಿಡುವ ಮೇಷ್ಟ್ರನ್ನು ನೀವು ಒಪ್ಪುವಿರಾ?

ಆದ್ದರಿಂದ ಓದುಗ ಮಿತ್ರರೇ, ಕೇಳಿರಿ. ನಿಮ್ಮ ರೌಟರ್‌ನ ಪುಟವನ್ನು ತೆರೆದು ನೋಡಿರಿ. ಹೊರಗಿನ ವಿಳಾಸವೆಂದು ಅಲ್ಲಿ ಕಾಣುವುದು 100.64ರಿಂದ 100.127ರ ಸಾಲಿನದಾದರೆ, ಅಥವಾ 10 ಎಂಬ ಅಂಕಿಯಿಂದ ಆರಂಭವಾದರೆ, ನೀವಿರುವುದು ವಠಾರದಲ್ಲಿ. ಸೇವಾದಾರನಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ: ಹಂಚಿಕೆಯ ವಿಳಾಸವೆಂದು ರಸೀದಿಯಲ್ಲಿ ನಮೂದಿಸಲಿ, ಯಾವ ಮನೆಗೆ ಯಾವ ಪೋರ್ಟ್‌ಗಳೆಂಬ ಲೆಕ್ಕವನ್ನು ವೇಳೆಯೊಡನೆ ಇಡಲಿ, ಐಪಿವಿ6 ಕೊಡಲಿ. ನಾನು ನನ್ನ ಶಿಷ್ಯನಿಗೆ ಬರೆದು ಕೊಟ್ಟಿದ್ದೇನೆ. ತಲೆ ಕೆರೆದುಕೊಂಡು ಜೇಬಿನಲ್ಲಿಟ್ಟುಕೊಂಡು ಹೋಗಿದ್ದಾನೆ. ಮುಂದಿನ ತಿಂಗಳು ಹಣ ಕೇಳಲು ಬಂದಾಗ ಮತ್ತೆ ಕೇಳುತ್ತೇನೆ.

ಅಕ್ಷರವನ್ನು ಹೆಚ್ಚು ಕಲಿಯದ ನಮ್ಮ ಅಜ್ಜಿ ಬಾಡಿಗೆ ಪುಸ್ತಕದಲ್ಲಿ ತಾರೀಖು ಬರೆಸುವುದನ್ನು ಮರೆಯುತ್ತಿರಲಿಲ್ಲ. ದರ್ಜಿಯನ್ನು ಉಳಿಸಿದ್ದು ಆ ಒಂದು ತಾರೀಖು.