ಟ್ರಾಲಿ ಮೆಕ್ಕೆಜೋಳ ಹೊರಲಿ, ಕೂಸು ಬಸ್ಸಿನಲ್ಲಿ ಬರಲಿ

ಇವತ್ತು ಬೆಳೆ ಬಗ್ಗೆ ಬರೆಯೋದಿಲ್ಲ. ಕಡ್ಲೆ ಮನೆಗೆ ಬಂದಾಯ್ತು, ಬಿಳಿಜೋಳ ಕಟಾವಿಗೆ ಬಂದೈತೆ, ನಡುವೆ ಜಾತ್ರೆಗಳು. ಭರತ ಹುಣ್ಣಿಮೆಗೆ ಮೈಲಾರ ಮುಗಿಸಿಕೊಂಡು ಬಂದ್ವಿ. ಇನ್ನು ಎರಡು ವಾರಕ್ಕೆ ಶಿವರಾತ್ರಿ, ಕುರುವತ್ತಿ ಬಸವಣ್ಣನ ಜಾತ್ರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆಯಿಂದ ಮತ್ತೆ ಟ್ರ್ಯಾಕ್ಟರ್ ಹೊರಡ್ತವೆ. ಅವು ಹೊರಡೋಕೆ ಮುಂಚೆ ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. ಬೇಜಾರಾಗೋರು ಆಗಲಿ.

ಎರಡು ವರ್ಷ ತುಂಬದ ಕೂಸನ್ನ ಜಾತ್ರೆಗೆ ಕರ್ಕೊಂಡು ಹೋಗಿ ಬಯಲಲ್ಲಿ ಎರಡು ರಾತ್ರಿ ಮಲಗಿಸೋದು ಒಳ್ಳೇದು. ಆ ಕೂಸನ್ನ ಟ್ರಾಲಿಯೊಳಗೆ ಹಾಕ್ಕೊಂಡು ಹೋಗೋದು ಕೆಟ್ಟದ್ದು. ಇವೆರಡನ್ನೂ ಒಂದೇ ಮಾಡಿ ಮಾತಾಡೋರ ಮೇಲೆ ನನ್ನ ಸಿಟ್ಟು.

ಕಟ್ಟೆ ಮೇಲೆ ಕೂತ ಹಿರಿಯರದ್ದು ಒಂದೇ ಮಾತು. "ನಮ್ಮನ್ನೂ ಕೂಸಿದ್ದಾಗ ಮೈಲಾರಕ್ಕೆ ಒಯ್ದಿದ್ರು, ಏನಾತು ನಮಗ?" ಅಂತಾರೆ. ದೊಡ್ಡಪ್ಪಾ, ನಿಮ್ಮನ್ನ ಒಯ್ದಿದ್ದು ಯಾವುದರಲ್ಲಿ? ಕೊಲ್ಲಾರಿ ಬಂಡಿಯಲ್ಲಿ. ತಾಸಿಗೆ ಮೂರೋ ನಾಲ್ಕೋ ಕಿಲೋಮೀಟರ್ ನಡಿಗೆ. ಕೆಳಗೆ ಒಂದು ಮೊಳ ಸೊಪ್ಪೆ, ಮೇಲೆ ಕೌದಿ, ತಲೆ ಮೇಲೆ ತಟ್ಟಿ. ಕೂಸು ಅತ್ತರೆ ಬಂಡಿ ನಿಲ್ಲೋದು. ಮಧ್ಯಾಹ್ನ ಬಾವಿ ಇದ್ದಲ್ಲಿ ಕೊಳ್ಳು ಹರಿದು ಎತ್ತಿಗೆ ನೀರು, ನಮಗೆ ಬುತ್ತಿ, ಕೂಸಿಗೆ ಮರದ ನೆರಳಲ್ಲಿ ನಿದ್ದೆ. ಎರಡು ದಿನದ ದಾರಿ ಅಂದ್ರೆ ಮೊದಲ ರಾತ್ರಿ ದಾರಿಯಲ್ಲೇ ಬಿಡಾರ. ಮೈಲಾರ ಮುಟ್ಟೋ ಹೊತ್ತಿಗೆ ಕೂಸಿಗೆ ಹೊರಗಿನ ಗಾಳಿ, ಹೊಗೆ, ಗೆಜ್ಜೆ ಸದ್ದು ಎಲ್ಲಾ ರೂಢಿ ಆಗಿರೋದು. ಬಂಡಿ ಮಗುಚಿದರೂ ನಡಿಗೆ ವೇಗದಲ್ಲಿ ಮಗುಚೋದು. ಆ ಬಂಡಿಯ ಪುಣ್ಯವನ್ನ ತಂದು ಟ್ರ್ಯಾಕ್ಟರಿಗೆ ಕಟ್ಟಬೇಡ್ರಿ.

ಟ್ರಾಲಿ ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಗೊಬ್ಬರ, ಮೆಕ್ಕೆಜೋಳದ ಚೀಲ, ಕಲ್ಲು ಹೊರೋದಕ್ಕೆ ಮಾಡಿದ ಡಬ್ಬಿ ಅದು. ಚೀಲ ಹೇರಿದ್ರೆ ಭಾರ ತಳದಲ್ಲಿ ಕೂತಿರ್ತದೆ. ಜನ ಹತ್ತಿದ್ರೆ ಅಂಚಿನ ಮೇಲೆ ಕೂರ್ತಾರೆ, ನಿಲ್ತಾರೆ, ಕೆಲವರು ನಡುವೆ ಹಲಗೆ ಹಾಕಿ ಅಟ್ಟಾನೂ ಮಾಡ್ತಾರೆ, ಭಾರ ಎಲ್ಲಾ ಮೇಲಕ್ಕೆ. ನಮ್ಮ ಕಡೆಯ ಬಹಳಷ್ಟು ಟ್ರಾಲಿಗಳಿಗೆ ಸ್ವಂತ ಬ್ರೇಕಿಲ್ಲ. ಇಳಿಜಾರಲ್ಲಿ ಮುಂದಿನ ಇಂಜಿನ್ ನಿಂತರೂ ಹಿಂದಿನದು ದೂಡ್ತಾನೇ ಇರ್ತದೆ. ಇನ್ನು ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲ್. ಹೊಲದಲ್ಲಿ ಸಾಲಿನ ಕೊನೆಗೆ ತಿರುಗಿಸೋಕೆ ಅಂತ ಅವನ್ನ ಬೇರೆ ಬೇರೆ ಬಿಟ್ಟಿರ್ತೀವಿ. ರಸ್ತೆಗೆ ಬಂದ ಮೇಲೆ ಎರಡನ್ನೂ ಕೂಡಿಸಿ ಕೊಂಡಿ ಹಾಕಬೇಕು. ನಿಮ್ಮೂರಲ್ಲಿ ಎಷ್ಟು ಹುಡುಗರು ಹಾಕ್ತಾರೆ, ಎದೆ ಮುಟ್ಟಿಕೊಂಡು ಹೇಳ್ರಿ. ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದ್ರೆ ಗಾಡಿ ಗಕ್ಕನೆ ಒಂದು ಕಡೆ ತಿರುಗ್ತದೆ, ಟ್ರಾಲಿ ಅಡ್ಡ ಬೀಳ್ತದೆ. ಕೂಡ್ಲಿಗಿ ಮೇಲೆ ಹೋಗೋ ಹೆದ್ದಾರಿಯಲ್ಲಿ ರಾತ್ರಿ, ಹಿಂದೆ ದೀಪ ಇಲ್ಲ, ಕೆಂಪು ಪಟ್ಟಿ ಇಲ್ಲ, ಮುಂದೆ ನಾಲ್ಕು ಡಬ್ಬಿ ಸ್ಪೀಕರ್. ಹಿಂದಿನಿಂದ ಬರೋ ಲಾರಿಯವನಿಗೆ ನೀವು ಕಾಣೋದು ತೀರಾ ಹತ್ತಿರ ಬಂದ ಮೇಲೆ.

2022ರ ಅಕ್ಟೋಬರ್ 1ರ ರಾತ್ರಿ ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯಲ್ಲಿ, ಘಾಟಂಪುರದ ಹತ್ತಿರ, ಹೀಗೇ ಒಂದು ಟ್ರಾಲಿ ಹೊಂಡಕ್ಕೆ ಮಗುಚಿತು. ಉನ್ನಾವೊ ಕಡೆಯ ಚಂದ್ರಿಕಾ ದೇವಿ ಗುಡಿಯಲ್ಲಿ ಕೂಸಿನ ಜವಳ ತೆಗೆಸಿ ಊರಿಗೆ ವಾಪಸ್ ಬರ್ತಿದ್ದ ಜನ. 26 ಮಂದಿ ಸತ್ತರು, ಹೆಚ್ಚಿನವರು ಹೆಂಗಸರು, ಮಕ್ಕಳು. ಟ್ರಾಲಿಯನ್ನ ಹೊಲದ ಕೆಲಸಕ್ಕೆ, ಸಾಮಾನಿಗೆ ಮಾತ್ರ ಬಳಸ್ರಿ ಅಂತ ಅಲ್ಲಿನ ಮುಖ್ಯಮಂತ್ರಿ ಆಮೇಲೆ ಜನರನ್ನ ಕೇಳಿಕೊಂಡ್ರು. ನಾವೂ ಜವಳಕ್ಕೆ ಹೀಗೇ ಹೋಗೋರು. ಆ ಮನೆಯವರೂ ಹೊರಡುವಾಗ "ಏನಾಗ್ತದೆ ಬಿಡು" ಅಂದೇ ಹೊರಟಿರಬೇಕು.

ವಿಮೆ ಮಾತು ಎತ್ತೋರಿಗೆ ಒಂದೇ ಸಾಲು. ಟ್ರಾಲಿಯಲ್ಲಿ ಜನ ಕೂರಿಸಿದ್ರೆ ಕಂಪನಿಯವರು ಮೊದಲು ಹಿಡಿಯೋದೇ ಅದನ್ನ. ಮನೆಯೊಳಗೆ ಹೆಣ, ಹೊರಗೆ ಕೋರ್ಟು.

ಈಗ ಇನ್ನೊಂದು ಕಡೆಯವರು. ಓದಿದ ಮಗ-ಸೊಸೆ "ಜಾತ್ರೆನಾ? ಧೂಳು, ಜನ, ಪಾಪುಗೆ ಇನ್ಫೆಕ್ಷನ್ ಆಗ್ತದೆ" ಅಂತಾರೆ. ಅದೇ ಜೋಡಿ ರಜೆ ಬಂದ್ರೆ ಹಂಪಿ ಕಡೆ ಹೋಗಿ ಟೆಂಟಿಗೆ ರಾತ್ರಿಗಿಷ್ಟು ಅಂತ ಸಾವಿರಗಟ್ಟಲೆ ಕೊಟ್ಟು, ಕಟ್ಟಿಗೆ ಉರಿ ಮುಂದೆ ಕೂತು ಫೋಟೋ ಹಾಕ್ತಾರೆ. ಹಾಕಲಿ, ಸಂತೋಷ. ಆದರೆ ಅಜ್ಜಿ ತೊಡೆ ಮೇಲೆ ಕೂತು, ಅಕ್ಕಪಕ್ಕದ ಬಿಡಾರದ ಹತ್ತು ಕೂಸುಗಳ ಜೊತೆ ಮಂಡಕ್ಕಿ ಹರವಿಕೊಂಡು ತಿನ್ನೋದು ಆ ಟೆಂಟಿನಲ್ಲಿ ಸಿಗೋದಿಲ್ಲ. ಇನ್ನು ಕುರಿಗಾರರನ್ನ ನೋಡ್ರಿ. ನಮ್ಮದೇ ಹೊಲದಲ್ಲಿ ಕುರಿ ನಿಲ್ಲಿಸಿ, ಹೆಗಲ ಮೇಲಿನ ಕೂಸನ್ನ ಕಂಬಳಿ ಮೇಲೆ ಮಲಗಿಸ್ತಾರೆ. ಆ ತಾಯಿಗೆ ಗೊತ್ತಿರೋ ಎಚ್ಚರಿಕೆಯಲ್ಲಿ ಅರ್ಧ ನಮಗೆ ಗೊತ್ತಿಲ್ಲ.

ನಮ್ಮ ಮೊಮ್ಮಗಳಿಗೆ ಒಂದೂವರೆ ವರ್ಷ. ಈ ಸಲ ಮೈಲಾರವೇ ಅವಳ ಮೊದಲ ಬಿಡಾರ. ಹೆಂಗಸರು, ಕೂಸು, ನಾನು ಹಗಲು ಬಸ್ಸಿಗೆ ಹೋದ್ವಿ. ಮಗ ಒಬ್ಬನೇ ಟ್ರ್ಯಾಕ್ಟರಿನಲ್ಲಿ ತಾಡಪಾಲು, ಕೌದಿ, ಕಟ್ಟಿಗೆ, ನೀರಿನ ಡ್ರಮ್ಮು, ರೊಟ್ಟಿ ಗಂಟು ತಂದ. ಟ್ರಾಲಿಯನ್ನೇ ಅಡ್ಡ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅದರ ಮಗ್ಗುಲಿಗೆ ತಾಡಪಾಲು ಕಟ್ಟಿದ್ವಿ. ನಿಂತ ಟ್ರಾಲಿ ಬಹಳ ಒಳ್ಳೆ ಗೋಡೆ, ಅದನ್ನ ಒಪ್ಪಿಕೊಳ್ತೀನಿ. ಹೊಳೆ ದಂಡೆಗೆ ಹತ್ತಿರ ಬ್ಯಾಡ ಅಂತ ಮೊದಲೇ ಹೇಳಿದ್ದೆ. ನಡಿಯೋಕೆ ಕಲಿತ ಕೂಸಿಗೆ ಹೊಳೆ ಕಂಡ್ರೆ ಕಾಲು ನಿಲ್ಲಲ್ಲ. ಒಲೆ ಒಂದು ಮೂಲೆಗೆ, ಕೂಸು ಇನ್ನೊಂದು ಮೂಲೆಗೆ. ಕುದಿಸಿ ಆರಿಸಿದ ನೀರು ಅವಳಿಗೇ ಬೇರೆ. ರಾತ್ರಿ ಸೊಳ್ಳೆಪರದೆ ಕಟ್ಟಿ ಅಂಚನ್ನ ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿದ್ವಿ. ಸೊಳ್ಳೆಗಷ್ಟೇ ಅಲ್ಲ, ನೆಲದ ಮೇಲೆ ಮಲಗಿದೋರ ಹಾಸಿಗೆಗೆ ಹಾವು ಬರದಂಗೆ ತಡೆಯೋದೂ ಅದೇ. ಮೊದಲ ರಾತ್ರಿ ಡೊಳ್ಳಿನ ಸದ್ದಿಗೆ ಬೆಚ್ಚಿ ಎರಡು ಸಲ ಅತ್ತಳು. ಎರಡನೇ ರಾತ್ರಿ "ಏಳುಕೋಟಿ" ಕೂಗು ಕೇಳಿದ್ರೆ ತಾನೇ ಕೈ ಎತ್ತೋಳು. ಕಾರಣಿಕದ ಹೊತ್ತಿಗೆ ಡೆಂಕನಮರಡಿಗೆ ಅವಳನ್ನ ಒಯ್ಯಲಿಲ್ಲ, ಆ ನೂಕುನುಗ್ಗಲಿಗೆ ಕೂಸು ಒಯ್ಯೋದು ಬ್ಯಾಡ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂದು ಲಕ್ಷ ಜನ ಉಸಿರು ಬಿಗಿ ಹಿಡಿದಾಗ ಅವಳು ಅಜ್ಜಿ ಹತ್ರ ಬಿಡಾರದಲ್ಲಿ ನಿದ್ದೆ.

"ಬಸ್ಸಿಗೆ ದುಡ್ಡು ಯಾರು ಕೊಡ್ತಾರೆ?" ಅಂತ ಕೇಳಬೇಡ್ರಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ, ಆರು ವರ್ಷದೊಳಗಿನ ಕೂಸಿಗೆ ಮೊದಲಿಂದಲೂ ಟಿಕೆಟ್ಟಿಲ್ಲ. ಟ್ರ್ಯಾಕ್ಟರಿನ ಡೀಸೆಲ್ಲಿಗಿಂತ ಗಂಡಸರ ಟಿಕೆಟ್ಟು ಹೆಚ್ಚಾಗಲ್ಲ. "ನಮ್ಮೂರಿಗೆ ಜಾತ್ರೆ ಬಸ್ಸೇ ಬರಲ್ಲ, ಬಂದ್ರೂ ಕಾಲಿಡೋಕೆ ಜಾಗ ಇಲ್ಲ" ಅನ್ನೋದು ಮಾತ್ರ ಖರೆ. ಅದಕ್ಕೆ ಟ್ರಾಲಿ ಹತ್ತೋದಲ್ಲ, ಡಿಪೋದವರನ್ನ ಕೇಳೋದು. ಬೀಜ, ಗೊಬ್ಬರ ಬರದಿದ್ರೆ ರಸ್ತೆ ಮೇಲೆ ಕೂರ್ತೀವಿ, ಕೂಸುಗಳಿಗೆ ಒಂದು ಬಸ್ಸು ಕೇಳೋಕೆ ನಾಚಿಕೆ ಯಾಕೆ?

ಕುರುವತ್ತಿಗೆ ಯಾವ ಊರಿಂದ ಎಷ್ಟು ಜನ, ಅದರಲ್ಲಿ ಐದು ವರ್ಷದೊಳಗಿನ ಕೂಸುಗಳೆಷ್ಟು ಅಂತ ಬರೆದುಕೊಂಡು ಸೋಮವಾರ ಬೆಳಿಗ್ಗೆ ಡಿಪೋಕ್ಕೆ ಅರ್ಜಿ ಕೊಡೋಕೆ ಹೊರಟಿದ್ದೀನಿ. ಸೋಮವಾರ ಹೆಂಗೂ ಎತ್ತು ಹೂಡೋದಿಲ್ಲ, ಖಾಲಿ ಇರ್ತೀರಿ. ಪಂಚಾಯ್ತಿ ಸದಸ್ಯರಿಂದ ಸಹಿ ಹಾಕಿಸಿಕೊಂಡು ಬರ್ರಿ.