ಹೆಸರು ಉಳಿಸಿಕೊಳ್ಳುವ ಖರ್ಚು ಯಾರದು?

ಕಣೇಕಲ್ಲಿನಲ್ಲಿ ನನಗೆ ಪರಿಚಯದ ಒಬ್ಬ ದರ್ಜಿ ಇದ್ದಾನೆ. ನಾಲ್ಕು ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿದು ರಾಯದುರ್ಗ, ಬಳ್ಳಾರಿಯ ಅಂಗಡಿಗಳಿಗೆ ಕೊಡುತ್ತಾನೆ. ಲೇಬಲ್ಲಿನಲ್ಲಿ ಮಗಳ ಹೆಸರು, ಕನ್ನಡದಲ್ಲಿ. ಕಳೆದ ವರ್ಷ ಅದೇ ಹೆಸರು, ಅದೇ ಅಕ್ಷರ ಬೇರೆ ಯಾರದೋ ಕಳಪೆ ಪ್ಯಾಂಟಿನ ಮೇಲೆ ಕಾಣಿಸಿಕೊಂಡಿತು. ಗಿರಾಕಿಗಳು ಜಗಳಕ್ಕೆ ಬಂದದ್ದು ಇವನ ಬಾಗಿಲಿಗೆ. "ಅಣ್ಣಾ, ಈ ಹೆಸರು ನಂದೇ ಅಂತ ಎಲ್ಲಿ ಬರೆಸ್ಬೇಕು?" ಎಂದು ಕೇಳಿದ.

ಚೆನ್ನೈಯಲ್ಲಿ ಎಂದೆ. ಅವನು ನಕ್ಕ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಸೇರಿತು. ಅಂದಿನಿಂದ ನಮಗೆ ಕಚೇರಿಗಳೆಲ್ಲ ಬೇರೆ ಬೇರೆ. ಆದರೆ ಟ್ರೇಡ್‌ಮಾರ್ಕ್ ವಿಷಯ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ಕರ್ನಾಟಕಕ್ಕೂ ಆಂಧ್ರಕ್ಕೂ ಇರುವುದು ಒಂದೇ ಚೆನ್ನೈ ಕಚೇರಿ.

ಅಮೆರಿಕದಲ್ಲಿ ಕೇಂದ್ರದ ನೋಂದಣಿಯ ಜೊತೆಗೆ ರಾಜ್ಯಗಳಲ್ಲೂ ಟ್ರೇಡ್‌ಮಾರ್ಕ್ ನೋಂದಣಿ ಇದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಕಾನೂನು ಬದಲಿಸುವ ಮೊದಲು ಸರಕಾರಕ್ಕೆ ಎಷ್ಟು ಖರ್ಚಾಗುತ್ತದೆ ಎಂಬ ಟಿಪ್ಪಣಿಯನ್ನು ಶಾಸಕರ ಮುಂದಿಡುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಆ ಟಿಪ್ಪಣಿ ಲೆಕ್ಕ ಹಾಕುವುದು ಖಜಾನೆಯದ್ದನ್ನು. ಅರ್ಜಿದಾರನ ಜೇಬಿನಿಂದ ಹೋಗುವುದನ್ನು ಯಾರು ಲೆಕ್ಕ ಹಾಕಬೇಕು?

ನಮ್ಮ ದೇಶದ 2017ರ ಟ್ರೇಡ್‌ಮಾರ್ಕ್ ನಿಯಮಗಳನ್ನೇ ನೋಡಿ. 74 ಬಗೆಯ ಫಾರಂಗಳು 8ಕ್ಕೆ ಇಳಿದವು. ಅದನ್ನು ಮೆಚ್ಚಲೇಬೇಕು. ಶುಲ್ಕ ಮಾತ್ರ ಏರಿತು. ಮೊದಲು ಎಲ್ಲರಿಗೂ 4,000 ರೂಪಾಯಿ ಇತ್ತು. ಈಗ ಆನ್‌ಲೈನ್ ಅರ್ಜಿಗೆ ಕಂಪನಿಗಳು 9,000, ಒಬ್ಬಂಟಿ ಅರ್ಜಿದಾರರು ಮತ್ತು ಸಣ್ಣ ಉದ್ದಿಮೆಗಳು 4,500 ಕೊಡಬೇಕು. ಇದನ್ನು ಸಣ್ಣವರಿಗೆ ರಿಯಾಯಿತಿ ಎನ್ನುತ್ತಾರೆ. ಆದರೆ ಸಣ್ಣವನೂ ಮೊದಲಿಗಿಂತ 500 ಹೆಚ್ಚೇ ಕೊಡುತ್ತಿದ್ದಾನೆ. ಪ್ರತಿ ಅರ್ಜಿಯ ಲೆಕ್ಕದಲ್ಲಿ ಖಜಾನೆಗೆ ಪೈಸೆ ನಷ್ಟವಾಗದ ರಿಯಾಯಿತಿ ಇದು.

ನಿಜವಾದ ಭಾರ ಭಾಷೆಯದ್ದು. ಲೇಬಲ್ ಕನ್ನಡದಲ್ಲಿದ್ದರೆ ಅದರ ಉಚ್ಚಾರವನ್ನೂ ಅರ್ಥವನ್ನೂ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಅರ್ಜಿದಾರನೇ ಬರೆದುಕೊಡಬೇಕು. ಕನ್ನಡ ಲಿಪಿಯಲ್ಲಿ ಬರೆದ ಬ್ಯಾರಿ ಹೆಸರಿಗೂ ಇದೇ ನಿಯಮ. ಫಾರಂ ಇಂಗ್ಲಿಷಿನಲ್ಲಿ, ಆಕ್ಷೇಪಣೆಯ ನೋಟಿಸು ಇಂಗ್ಲಿಷಿನಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದರ್ಜಿ ಏಜೆಂಟನ ಬಳಿ ಹೋಗದೆ ಬೇರೆ ದಾರಿಯಿಲ್ಲ. ಅವನ ಫೀಸು ಸರಕಾರದ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಸರಕಾರ ಏನೂ ಖರ್ಚು ಮಾಡುವುದಿಲ್ಲವೇ? ಮಾಡುತ್ತದೆ. 2016ರಿಂದ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಅರ್ಜಿ ಬರೆದುಕೊಡುವವರ ಫೀಸನ್ನು ಕೇಂದ್ರವೇ ಭರಿಸುತ್ತಿದೆ. 2020ರಲ್ಲಿ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಾಗಲು ಇದ್ದ 500 ರೂಪಾಯಿ ಶುಲ್ಕವನ್ನು 10ಕ್ಕೆ ಇಳಿಸಿತು. ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ಇವೇ ಸಾಕ್ಷಿ. ಬೆಂಗಳೂರಿನ ಸ್ಟಾರ್ಟಪ್‌ಗೆ ಸಿಗುವ ಸಹಾಯ ಕಣೇಕಲ್ಲಿನ ನಾಲ್ಕು ಮಿಷನ್ನಿನವನಿಗೆ ಏಕಿಲ್ಲ?

ಒಬ್ಬನ ಖಾಸಗಿ ಹೆಸರಿಗೆ ಸಾರ್ವಜನಿಕ ಹಣವೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಕಲಿ ಲೇಬಲ್ಲಿನಿಂದ ಮೋಸ ಹೋಗುವುದು ಹೊಲಿದವನೊಬ್ಬನೇ ಅಲ್ಲ, ಕೊಂಡವರೂ ಹೌದು. ನೋಂದಣಿ ಇಲ್ಲದಿದ್ದರೆ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆ ಹಾಕಲಾಗದು. ಇನ್ನೊಬ್ಬರ ಹೆಸರಿನಲ್ಲಿ ಮಾಲು ಮಾರಿದ ಎಂಬ ಬೇರೆ ದಾವೆ ಇದೆ. ಅದರಲ್ಲಿ ಹೆಸರಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಖ್ಯಾತಿ ಇತ್ತೆಂದು ಸಾಬೀತು ಮಾಡಬೇಕು. ಬಡವನಿಗೆ ಅದೇ ಕಷ್ಟ.

ನಾನು ಕೇಳುವುದು ದೊಡ್ಡದೇನಲ್ಲ. ಫಾರಂ ತುಂಬುವ ಕೈಪಿಡಿ ಕನ್ನಡ, ತೆಲುಗಿನಲ್ಲಿ ಸಿಗಲಿ. ಅನಂತಪುರ, ಬಳ್ಳಾರಿಯ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಅರ್ಜಿ ಬರೆದುಕೊಡುವವರು ಕೂರಲಿ. ಸ್ಟಾರ್ಟಪ್‌ಗೆ ಕೊಡುವ ಸಹಾಯವನ್ನು ಒಬ್ಬಂಟಿ ಕುಶಲಕರ್ಮಿಗೂ ಕೊಡಲಿ. ಖರ್ಚು ಖಂಡಿತ ಆಗುತ್ತದೆ. ಈಗಲೂ ಆಗುತ್ತಿದೆ, ಬಡವನ ಜೇಬಿನಿಂದ.

ನನ್ನ ದರ್ಜಿ ಇನ್ನೂ ಅರ್ಜಿ ಹಾಕಿಲ್ಲ. ಸದ್ಯಕ್ಕೆ ಲೇಬಲ್ಲಿನ ಬಣ್ಣ ಬದಲಿಸಿದ್ದಾನೆ.